ನನ್ನ ಪಾಲಿಶ್, ನೀಲವ್ವನ ಬೆಲ್ಲ

ಕುವೈತಿನಲ್ಲಿ ಹೊಳೆಯುವ ನೆಲಗಳಲ್ಲಿ ಅರ್ಧ ನನ್ನ ಕೈಯವು. ಉಳಿದರ್ಧ ನಾನು ಕಲಿಸಿಕೊಟ್ಟವರ ಕೈಯವು. ಇದನ್ನು ನಾನು ಹೇಳಿಕೊಳ್ಳುವುದಲ್ಲ, ನೆಲಗಳೇ ಹೇಳುತ್ತವೆ. ನನ್ನ ಹೆಸರು ರುಡಾಲ್ಫ್, ಊರು ಕಿನ್ನಿಗೋಳಿ, ಮಿರ್ಕಾಬಿನ ಆಫೀಸು ಕಟ್ಟಡಗಳನ್ನು ನೋಡಿಕೊಳ್ಳುವ ಒಂದು ಕ್ಲೀನಿಂಗ್ ಕಂಪೆನಿಯಲ್ಲಿ ಸೂಪರ್‌ವೈಸರ್. ಒಮ್ಮೆ ನಾನು ಪಾಲಿಶ್ ಮಷಿನ್ ಹೊಡೆದ ಲಾಬಿಯಲ್ಲಿ ದೊಡ್ಡ ಮ್ಯಾನೇಜರೊಬ್ಬ ಗೋಡೆಯ ಕನ್ನಡಿ ಬಿಟ್ಟು ನೆಲಕ್ಕೆ ಬಾಗಿ ಟೈ ಸರಿಮಾಡಿಕೊಂಡ. ಇನ್ನೊಮ್ಮೆ ಒಂದು ಬೆಕ್ಕು ತನ್ನ ಮುಖ ಕಂಡು ಹೆದರಿ ಓಡಿದ್ದು ಇನ್ನೂ ವಾಪಸು ಬಂದಿಲ್ಲ.

ನೆಲದ ಸ್ವಭಾವ ತಿಳಿಯಬೇಕು ಮಾರಾಯ್ರೆ, ಅಷ್ಟೇ ವಿದ್ಯೆ. ಮಾರ್ಬಲ್ ದೊಡ್ಡ ಮನೆಯ ಸೊಸೆ ಇದ್ದ ಹಾಗೆ, ನಿಂಬೆಹುಳಿ ತಾಗಿದರೂ ಮುಖ ಬಿಳಿಚಿಕೊಳ್ಳುತ್ತದೆ, ವಿನೆಗರ್ ತಾಗಿದರೆ ಮತ್ತೆ ನಗುವುದೇ ಇಲ್ಲ. ವಿನೈಲ್ ಶೀಟಿನ ಮೇಲೆ ಬಕೆಟ್ ಕವುಚಿದಿರೋ, ಅಂಚುಗಳು ಹಪ್ಪಳದ ಹಾಗೆ ಎದ್ದುಕೊಳ್ಳುತ್ತವೆ. ಹಿಂಡಿದ ಮಾಪಿನಲ್ಲಿ ಒರೆಸಬೇಕು. ಅಡುಗೆಮನೆಯ ಟೈಲ್ಸ್ ಉಜ್ಜಿ ಸೊಂಟ ಮುರಿದುಕೊಳ್ಳುವವರಿಗೆ ನಾನು ಒಂದೇ ಮಾತು ಹೇಳುವುದು, ಕೊಳೆ ಇರುವುದು ಟೈಲ್ಸಿನಲ್ಲಲ್ಲ, ಸಂದಿಯಲ್ಲಿ. ಅಲ್ಲಿಗೆ ಸೋಡಾಪುಡಿ ಹಾಕಿ ಹಳೆಯ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ. ಇನ್ನು ಮೊಸಾಯಿಕ್. ಅದು ಕೊಟ್ಟಷ್ಟೂ ಪಾಲಿಶ್ ಕುಡಿಯುತ್ತದೆ, ಕುಡಿದಷ್ಟೂ ಚೆಂದ ಕಾಣುತ್ತದೆ. ನನ್ನ ಮೆಚ್ಚಿನ ನೆಲ.

ನನ್ನ ಹೆಂಡತಿ ಮೊಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಖೈತಾನಿನ ನಮ್ಮ ಫ್ಲಾಟಿನ ನೆಲವೂ ಮೊಸಾಯಿಕ್ಕೇ, ಆದರೆ ಅದಕ್ಕೆ ನನ್ನ ಮಷಿನ್ ತಾಗಿಸಲು ಅವಳು ಬಿಟ್ಟವಳಲ್ಲ. ಬಟ್ಟೆ ಸೋಪಿನ ಪುಡಿ ಹಾಕಿ ಒರಟು ಬ್ರಷ್ಷಿನಲ್ಲಿ ದಿನವೂ ತಿಕ್ಕಿ ತಿಕ್ಕಿ ಅದನ್ನು ಹಳೆಯ ಸ್ಲೇಟಿನ ಹಾಗೆ ಮಾಡಿಟ್ಟಿದ್ದಳು. ಆ ನೆಲದ ಜೊತೆ ನಾನು ಮಾತಾಡುವುದನ್ನೇ ಬಿಟ್ಟಿದ್ದೆ.

ನಮ್ಮ ಎದುರು ಫ್ಲಾಟಿನಲ್ಲಿ ಗದಗಿನ ಕಡೆಯ ಬಸವಂತ, ಅವನ ಹೆಂಡತಿ ವಿಜಯಶ್ರೀ. ಬಸವಂತ ಏಸಿ ಟೆಕ್ನೀಶಿಯನ್. ಮಗಳು ಶಿವಲೀಲಾ, ಎಲ್ಲರ ಬಾಯಲ್ಲಿ ಲೀಲು, ಸೋಫಾ ಹಿಡಿದು ನಿಲ್ಲುತ್ತಿದ್ದ ಕಾಲ. ಆಗ ಬಸವಂತನ ತಾಯಿ ನೀಲವ್ವ ವಿಸಿಟ್ ವೀಸಾದಲ್ಲಿ ಬಂದರು. ಅವರ ಪೆಟ್ಟಿಗೆಯಲ್ಲಿ ಸೀರೆಗಿಂತ ಹೆಚ್ಚು ಜಾಗ ಹಿಡಿದದ್ದು ಕಡ್ಲೆಬೇಳೆ ಮತ್ತು ಬಟ್ಟೆಯಲ್ಲಿ ಸುತ್ತಿದ ಒಂದು ಪೆಂಟಿ ಬೆಲ್ಲ. ಬೆಲ್ಲ ನೋಡಿ ವಿಜಯಶ್ರೀ ನಕ್ಕುಬಿಟ್ಟಳು.

"ಅತ್ತಿ, ಬೆಲ್ಲ ಇಲ್ಲೂ ಸಿಗ್ತೈತ್ರಿ."

"ಸಿಗಲಿ. ಇದು ನಮ್ಮ ಬೆಲ್ಲ. ಕೂಸು ಮೊದಲ್ನೇ ಹೆಜ್ಜಿ ಇಟ್ಟ ದಿನಾ ನಾನ ಕೈಯಾರೆ ಹೋಳಿಗಿ ಮಾಡಿ ಬಡಿಸ್ಬೇಕು. ಬಸುಗೂ ಹಂಗ ಮಾಡೀನಿ, ಅವ್ರಕ್ಕಗೂ ಮಾಡೀನಿ. ಅದಕ್ಕಂತನ ಇಮಾನ ಹತ್ತಿ ಬಂದೀನಿ. ಇಲ್ಲಂದ್ರ ಈ ಉಸುಕಿನ ದೇಶದಾಗ ನನಗೇನ್ ಕೆಲ್ಸ?"

ಬೆಲ್ಲ ಅಡುಗೆಮನೆಯ ಕಪಾಟಿನ ಮೇಲೆ ಕುಳಿತಿತು. ವೀಸಾ ಮುಗಿಯುವ ಮೊದಲು ಲೀಲು ನಡೆಯಬೇಕು. ನೀಲವ್ವನಿಗೆ ಈ ದೇಶದಲ್ಲಿ ಬೇಕಾಗಿದ್ದದ್ದು ಇದೊಂದೇ.

ನನ್ನ ಹೆಸರು ಅವರ ನಾಲಿಗೆಗೆ ಒಗ್ಗಲಿಲ್ಲ. ಮೊದಲ ದಿನವೇ ನಾನು ರುದ್ರಪ್ಪನಾದೆ. ಒಂದು ಸಂಜೆ ಅವರ ಮನೆಯಲ್ಲಿ ಚಹಾ ಕುಡಿಯುತ್ತ ನಾನು ನನ್ನ ಕೆಲಸದ ಬಗ್ಗೆ ಅತಿ ವಿನಯದಿಂದ ಎರಡು ಮಾತು ಹೇಳಿದೆ. ಎರಡು ಮಾತು ಮುಗಿಯುವಾಗ ರಾತ್ರಿ ಊಟದ ಹೊತ್ತಾಗಿತ್ತು.

ನೀಲವ್ವ ಕಾಲು ಚಾಚಿ ನೆಲ ಸವರಿ ನೋಡಿದರು. "ಇಷ್ಟೆಲ್ಲಾ ಹೇಳ್ತಿ ರುದ್ರಪ್ಪ, ನೀ ಎದುರಿಗೇ ಇದ್ದೂ ನಮ್ಮ ಬಸುನ ಮನಿ ನೆಲ ಯಾಕ ಇಷ್ಟ ಮಂಕಾಗೇತಿ? ಊರಾಗ ನಮ್ಮ ಮನ್ಯಾಗ ಫರಸಿ ಕಲ್ಲದಾವ. ಬರೇ ನೀರ್ ಹಾಕಿ ಒರಸ್ತೀವಿ, ಹೊಳೀತಾವ."

ಮೊಲ್ಲಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವಳು ಉಟ್ಟದ್ದು ಸೀರೆಯಲ್ಲ, ನೈಟಿ, ಆದರೂ ಮುಚ್ಚಿಕೊಂಡಳು.

ಮರುದಿನ ಶುಕ್ರವಾರ, ರಜೆ. ಬಸವಂತನ ಮನೆಯ ಮೊಸಾಯಿಕ್ ನೆಲಕ್ಕೆ ಕಂಪೆನಿಯ ವ್ಯಾನಿನಲ್ಲಿ ಮಷಿನ್ ಬಂತು, ಮಾಪು ಬಂತು, ಡಬ್ಬಿ ಡಬ್ಬಿ ಪಾಲಿಶ್ ಬಂತು. ಹಳೆಯ ಕೊಳೆ ಎತ್ತಿದೆ, ಒಣಗಿಸಿದೆ, ಪಾಲಿಶ್ ಎಳೆದೆ. ಅದು ಒಣಗಿದ ಮೇಲೆ ಇನ್ನೊಂದು ಕೋಟ್, ಅದರ ಮೇಲೆ ಮತ್ತೊಂದು. ನಿಲ್ಲಿಸಬೇಕಾದಲ್ಲಿ ಬೇರೆಯವರು ನಿಲ್ಲಿಸುತ್ತಾರೆ, ನಾನು ನಿಲ್ಲಿಸುವುದಿಲ್ಲ. ಕೊನೆಗೆ ಮಷಿನ್ ಹೊಡೆದು ತೆಗೆದಾಗ, ಖೈತಾನಿನ ಮೇಲೆ ಇಳಿಯುತ್ತಿದ್ದ ವಿಮಾನದ ಪೈಲಟ್ ಕಿಟಕಿಯೊಳಗಿಂದ ಬಂದ ಬೆಳಕಿಗೆ ಕಣ್ಣು ಕಿರಿದು ಮಾಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು.

ನೀಲವ್ವ ಬಾಗಿಲಲ್ಲೇ ನಿಂತರು. "ಯವ್ವಾ, ಇದರ ಮ್ಯಾಲ ಕಾಲಿಡೂದಾ, ಕೈ ಮುಗಿಯೂದಾ?"

ಆ ಮಾತಿನಲ್ಲಿ ನಾನು ಇವತ್ತಿಗೂ ಬದುಕುತ್ತಿದ್ದೇನೆ.

ಅಷ್ಟರಲ್ಲಿ ಲೀಲು ಸೋಫಾ ಹಿಡಿದು ಎದ್ದಳು. ಅಜ್ಜಿ ಬೆಳಿಗ್ಗೆಯಷ್ಟೇ ಎಣ್ಣೆ ತೀಡಿದ್ದ ಕಾಲು. ಒಂದು ಕೈ ಬಿಟ್ಟಳು. ಎಲ್ಲರೂ ಉಸಿರು ಹಿಡಿದೆವು. ಇನ್ನೊಂದು ಕೈಯನ್ನೂ ಬಿಟ್ಟಳು. ಮರುಕ್ಷಣ ಧಪ್ಪನೆ ಕುಳಿತಳು. ಬರೇ ಕುಳಿತದ್ದಲ್ಲ, ಕುಳಿತಲ್ಲಿಂದ ಜಾರಿ ಟೀವಿ ಸ್ಟ್ಯಾಂಡಿನವರೆಗೆ ಹೋದಳು. ಪೆಟ್ಟೇನೂ ಆಗಲಿಲ್ಲ. ಅಳಲೂ ಇಲ್ಲ. ನೆಲವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ವಕೀಲರು ಹಾಗೆ ನೋಡುತ್ತಾರೆ.

ಆ ಮೇಲೆ ಅವಳು ಏಳುವುದನ್ನೇ ಬಿಟ್ಟಳು. ಎತ್ತಿ ನಿಲ್ಲಿಸಿದರೆ ಕಾಲು ಮಡಚಿಕೊಳ್ಳುತ್ತಾಳೆ. ಗಿಲಕಿ ತೋರಿಸಿದರೆ ಕುಳಿತಲ್ಲಿಂದಲೇ ಕೈಚಾಚುತ್ತಾಳೆ. ವಾರ ಕಳೆಯಿತು, ಇನ್ನೊಂದು ಕಳೆಯಿತು. ನೀಲವ್ವ ದಿನವೂ ಕಪಾಟಿನ ಮೇಲಿನ ಬೆಲ್ಲ ನೋಡುತ್ತಾರೆ, ಕೂಸಿನ ಕಾಲು ನೋಡುತ್ತಾರೆ, ಇನ್ನಷ್ಟು ಎಣ್ಣೆ ತೀಡುತ್ತಾರೆ. ಡಾಕ್ಟರ್ ಕಾಲು ಎಳೆದು ಬಗ್ಗಿಸಿ ನೋಡಿ, ಏನೂ ಇಲ್ಲ, ನಡೆಯುವಾಗ ನಡೆಯುತ್ತಾಳೆ ಅಂದರು. ನೀಲವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು.

ನಾನೂ ಸುಮ್ಮನೆ ಕೂರಲಿಲ್ಲ. ನನಗೆ ತಿಳಿದ ಎಲ್ಲಾ ಕಾರಣಗಳನ್ನು ಸೂಚಿಸಿದೆ. ಏಸಿಯ ಗಾಳಿ ಇರಬಹುದು. ಡಬ್ಬಿ ಹಾಲಿರಬಹುದು. ಕುವೈತಿನಲ್ಲಿ ಹುಟ್ಟಿದ ಮಕ್ಕಳಿಗೆ ಕಾರಿನ ಮೇಲೆಯೇ ಮನಸ್ಸು, ನಡೆಯಲು ಆಸಕ್ತಿ ಕಡಿಮೆ.

"ಅಣ್ಣಾರ, ನೆಲಾ ಸ್ವಲ್ಪ ಜಾರ್ತೈತೇನ್ರಿ?" ಎಂದ ಬಸವಂತ, ಬಹಳ ಮರ್ಯಾದೆಯಿಂದ. ಅವನೇ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ.

"ನೆಲ ಜಾರುವುದಿಲ್ಲ ಬಸವಂತ. ಕಾಲು ಜಾರುವುದು. ಎಣ್ಣೆ ಹಚ್ಚಿದ ಕಾಲು ಮರಳಿನಲ್ಲೂ ಜಾರುತ್ತದೆ."

"ಹಂಗಂದ್ರ ನನ್ನ ಎಣ್ಣಿದ ತಪ್ಪೇನು?" ಎಂದರು ಒಳಗಿನಿಂದ ನೀಲವ್ವ. "ನನ್ನ ಎಣ್ಣಿ ತಿಂದ ಕಾಲು ಊರ ತುಂಬ ನಡದಾಡ್ತಾವ. ನಿನ್ನ ಪಾಲಿಶ್ ತಿಂದ ಕಾಲು ಯಾವ್ದರ ನಡದದ್ದು ತೋರ್ಸು."

ಅದಕ್ಕೆ ನನ್ನಲ್ಲಿ ನೂರು ಉತ್ತರ ಇದ್ದವು. ಆದರೆ ಹಿರಿಯರ ಜೊತೆ ವಾದ ಮಾಡಬಾರದು ಅಂತ ಬಿಟ್ಟುಬಿಟ್ಟೆ.

ನೀಲವ್ವನ ಟಿಕೆಟ್ ಇದ್ದದ್ದು ಶುಕ್ರವಾರ ರಾತ್ರಿಗೆ. ಗುರುವಾರ ಸಂಜೆ ಅವರು ಲೀಲುವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಇನ್ನೊಂದು ಕೈಯಲ್ಲಿ ಆ ಬಟ್ಟೆಯ ಗಂಟು. ಕೂಸನ್ನು ನೆಲದ ಮೇಲೆ ಬಿಟ್ಟು ಗಂಟನ್ನು ಮೊಲ್ಲಿಯ ಮುಂದೆ ಹಿಡಿದರು.

"ತಂಗಿ, ಈ ಬೆಲ್ಲ ನೀ ಇಟ್ಕೋ. ನಿಮ್ಮ ಹಬ್ಬಕ್ಕ ಏನರ ಮಾಡ್ತಿಯಲ್ಲ, ಅದಕ್ಕ ಆಕ್ಕೈತಿ."

"ಅಯ್ಯೋ ಅಮ್ಮ, ವಿಜಯಶ್ರೀ ಮಾಡ್ತಾಳಲ್ಲ ಹೋಳಿಗೆ, ಲೀಲು ನಡೆದ ದಿವಸ."

"ಆಕಿ ಮಾಡ್ತಾಳ. ಅಂಗಡಿ ಬೆಲ್ಲ ತಂದು ಮಾಡ್ತಾಳ. ನಾ ಫೋನ್‌ನಾಗ ಕೇಳ್ತೀನಿ. ಇದನ್ನ ಕಪಾಟಿನ ಮ್ಯಾಲ ಬಿಟ್ಟು ಹೋಗಾಕ ಮನಸಿಲ್ಲ, ಹೊತ್ತು ತಿರುಗಿ ಒಯ್ಯಾಕಂತೂ ಇಲ್ಲೇ ಇಲ್ಲ."

ಅಷ್ಟು ಹೇಳಿ ಅವರು ಗಂಟಿನ ಮೇಲೆ ಇಲ್ಲದ ಧೂಳನ್ನು ಕೊಡವಿದರು. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮ ಕೆಲಸದ ಅಮೋನಿಯಾ ಅಂಗಿಯಲ್ಲಿ ಉಳಿದಿರುತ್ತದೆ, ಕೆಲವೊಮ್ಮೆ ಹಾಗಾಗುತ್ತದೆ.

ಆಗ ಮೊಲ್ಲಿ ನನ್ನ ಮೊಣಕೈ ತಿವಿದಳು. ಲೀಲು ನಮ್ಮ ಕುರ್ಚಿ ಹಿಡಿದು ಎದ್ದು ನಿಂತಿದ್ದಳು. ಕಾಲಡಿಯಲ್ಲಿ ಮೊಲ್ಲಿಯ ಸೋಪಿನ ಪುಡಿ ತಿಂದ ಸ್ಲೇಟಿನಂಥ ನೆಲ. ಅಂಗಾಲನ್ನು ಒಮ್ಮೆ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. ಅವಳ ಮುಖದಲ್ಲಿ ನಗು ಹರಡಿತು. ಎರಡೂ ಕೈ ಬಿಟ್ಟು, ಒಂದು ಕಾಲು ಎತ್ತಿದಳು.

ನೀಲವ್ವ ಗಂಟನ್ನು ನನ್ನ ಮಡಿಲಿಗೆ ಎಸೆದು, ಹದ್ದಿನ ಹಾಗೆ ಎರಗಿ ಕೂಸನ್ನು ಎತ್ತಿಕೊಂಡರು.

"ತಡೀ ತಡೀ ನನ್ನವ್ವ, ಇಲ್ಲಿ ಬ್ಯಾಡ. ಮೊದಲ್ನೇ ಹೆಜ್ಜಿ ನಮ್ಮ ಮನ್ಯಾಗ ಇಡಬೇಕು. ನಾ ಊರಾಗ ಏನಂತ ಹೇಳ್ಲಿ, ಎದುರ ಮನ್ಯಾಗ ನಡದ್ಲು ಅಂತನಾ?"

ಎತ್ತಿದ ಕಾಲು ಗಾಳಿಯಲ್ಲೇ ಒದ್ದಾಡುತ್ತಿತ್ತು. ಲೀಲು ಮೊದಲ ಸಲ ಜೋರಾಗಿ ಅತ್ತಳು.

ಮೊಲ್ಲಿ ಅವಳನ್ನೂ ನೋಡಲಿಲ್ಲ, ನೀಲವ್ವನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. "ನಾಳೆ ಬೆಳಿಗ್ಗೆ ವ್ಯಾನ್ ತರ್ತೀಯಾ, ಅಲ್ಲ ನಾನು ನನ್ನ ಸೋಪಿನ ಪುಡಿ ತಗೊಂಡು ಹೋಗ್ಲಾ?"

ಸೋಪಿನ ಪುಡಿ. ನನ್ನ ಪಾಲಿಶ್ ಮೇಲೆ. ಅದು ಆಗುವ ಮಾತಲ್ಲ. ನನ್ನ ನೆಲವನ್ನು ಕೊಲ್ಲಬೇಕಾದರೆ ನಾನೇ ಕೊಲ್ಲುತ್ತೇನೆ.

ಶುಕ್ರವಾರ ಬೆಳಿಗ್ಗೆ ಅವರ ಸೋಫಾ, ಟೀವಿ ಎಲ್ಲ ಬೆಡ್‌ರೂಮಿಗೆ ಹೋಯಿತು. ಪಾಲಿಶ್ ಕೀಳುವುದು ಹಾಕುವುದಕ್ಕಿಂತ ದೊಡ್ಡ ವಿದ್ಯೆ, ಅದನ್ನು ಬಲ್ಲವರು ಗಲ್ಫ್‌ನಲ್ಲಿ ಇಬ್ಬರೇ, ಇನ್ನೊಬ್ಬ ನಿವೃತ್ತನಾಗಿದ್ದಾನೆ. ಕಿತ್ತು ತೆಗೆಯುವ ದ್ರಾವಣ ಸುರಿದು ನೆನೆಯಲು ಬಿಟ್ಟೆ. ಮಷಿನಿಗೆ ಕಪ್ಪು ಒರಟು ಪ್ಯಾಡ್ ಹಾಕಿದೆ. ಮೊದಲ ಸುತ್ತಿಗೇ ನನ್ನ ಹೊಳಪು ಬೂದು ಬಣ್ಣದ ಗಂಜಿಯಾಗಿ ಎದ್ದು ಬಂತು. ಪೈಲಟ್ ಕಂಡ ಬೆಳಕು, ನೀಲವ್ವ ಕೈಮುಗಿದ ಬೆಳಕು, ಎಲ್ಲ ಬಕೆಟಿಗೆ ಬಿತ್ತು. ವೈಪರಿನಲ್ಲಿ ಎಳೆದೆ, ಸಾದಾ ನೀರಲ್ಲಿ ತೊಳೆದೆ, ಮತ್ತೆ ತೊಳೆದೆ. ಬಸವಂತ ಬಕೆಟ್ ಹೊತ್ತು ಹೊತ್ತು ಬಳಲಿದ.

"ಅಣ್ಣಾರ, ನಿಮಗ ಬ್ಯಾಸರ ಆಗಿಲ್ಲೇನ್ರಿ?"

"ಯಾಕೆ? ಇದೆಲ್ಲ ಮೊದಲೇ ಹಾಕಿಕೊಂಡ ಲೆಕ್ಕ. ಮಗುವಿಗೆ ಮೊದಲು ಜಾರುವ ನೆಲ ಕೊಡಬೇಕು, ಆಮೇಲೆ ಹಿಡಿಯುವ ನೆಲ ಕೊಡಬೇಕು. ಆಗಲೇ ಕಾಲು ಗಟ್ಟಿಯಾಗುವುದು."

ಬಸವಂತ ಬಕೆಟ್ ಎತ್ತಿಕೊಂಡು ಹೋದ.

ನೆಲ ಒಣಗುವವರೆಗೆ ಯಾರೂ ಬರಬಾರದು ಅಂತ, ಕಂಪೆನಿಯ ಹಳದಿ ಬೋರ್ಡನ್ನು ಹಾಲಿನ ನಡುವೆ ನಿಲ್ಲಿಸಿದೆ. ಒಬ್ಬ ಮನುಷ್ಯ ಜಾರಿ ಕೈಕಾಲು ಮೇಲೆತ್ತಿ ಬೀಳುವ ಚಿತ್ರ ಇರುತ್ತದಲ್ಲ, ಅದು. ನೆಲ ಒಣಗಿತು. ಈಗ ಅದಕ್ಕೆ ಹೊಳಪಿಲ್ಲ, ಹೆಮ್ಮೆಯಿಲ್ಲ. ಸುಮ್ಮನೆ ಶುಚಿಯಾದ, ಬಿಳಿ ಕರಿ ಚುಕ್ಕೆಯ ಮೊಸಾಯಿಕ್. ನೀಲವ್ವ ಬಾಗಿಲ ಹತ್ತಿರ ಚಕ್ಕಳಮಕ್ಕಳ ಹಾಕಿ ಕುಳಿತು ಲೀಲುವನ್ನು ಗೋಡೆಗೆ ಆನಿಸಿ ನಿಲ್ಲಿಸಿದರು. ಆವತ್ತು ಎಣ್ಣೆ ತೀಡಿರಲಿಲ್ಲ. ಇದನ್ನು ನಾನು ಗಮನಿಸಿದೆ. ಅವರೂ ನಾನು ಗಮನಿಸಿದ್ದನ್ನು ಗಮನಿಸಿ ಮುಖ ಆಚೆ ತಿರುಗಿಸಿದರು.

ಲೀಲು ಗಿಲಕಿ ನೋಡಲಿಲ್ಲ, ಬಿಸ್ಕತ್ತು ನೋಡಲಿಲ್ಲ. ಅವಳ ಕಣ್ಣು ಬಿದ್ದದ್ದು ಹಳದಿ ಬೋರ್ಡಿನ ಮೇಲೆ. ಅಂಗಾಲು ಒತ್ತಿ ನೋಡಿದಳು. ಗೋಡೆ ಬಿಟ್ಟಳು. ಕುಡಿದವರ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿ, ಕೈ ಎರಡೂ ಮೇಲೆತ್ತಿಕೊಂಡು, ಆ ಚಿತ್ರದ ಮನುಷ್ಯನ ಹಾಗೆಯೇ, ಆದರೆ ಬೀಳದೆ, ನಡೆದೇ ನಡೆದಳು. ಬೋರ್ಡನ್ನು ಅಪ್ಪಿಕೊಂಡು ಹಿಂದೆ ತಿರುಗಿ ಅಜ್ಜಿಯನ್ನು ನೋಡಿದಳು.

ವಿಜಯಶ್ರೀ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನೀಲವ್ವ ಕೂಸನ್ನು ಎತ್ತಿಕೊಳ್ಳಲೂ ಇಲ್ಲ, ಮುದ್ದಾಡಲೂ ಇಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, "ಮೊಲ್ಲವ್ವ, ಬೆಲ್ಲ ಕೊಡು," ಎಂದರು.

ಮಧ್ಯಾಹ್ನದಷ್ಟೊತ್ತಿಗೆ ಇಡೀ ಕಟ್ಟಡಕ್ಕೆ ಏಲಕ್ಕಿಯ ವಾಸನೆ ಹಬ್ಬಿತು. ಗಾಳಿ ಸರಿಯಾಗಿದ್ದಿದ್ದರೆ ಊರಾಚೆಯ ಎಗೈಲಾದವರೆಗೂ ಹೋಗುತ್ತಿತ್ತು. ಅದೇ ನೆಲದ ಮೇಲೆ ಸಾಲಾಗಿ ಕುಳಿತು ಉಂಡೆವು. ತುಪ್ಪ ಹೋಳಿಗೆಯ ಅಂಚಿನಿಂದ ಹರಿದು ನೆಲಕ್ಕೂ ಒಂದೆರಡು ಹನಿ ಬಿತ್ತು, ನಾನು ನೋಡಿಯೂ ನೋಡದವನಂತೆ ಇದ್ದೆ. ನಾನು ಎಷ್ಟು ತಿಂದೆ ಅಂತ ಹೇಳಿದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಮೊಲ್ಲಿ ಹೇಳುವುದು ಬೇರೆ ಸಂಖ್ಯೆ.

"ನೋಡಿದಿರಾ ಅಮ್ಮ," ಎಂದೆ ಕೈ ನೆಕ್ಕುತ್ತ, "ಮಷಿನ್ ಹೊಡೆದು ಮಗುವಿಗೆ ನಡೆಯಲು ಕಲಿಸಿದವನು ಈ ಕುವೈತಿನಲ್ಲಿ ನಾನೊಬ್ಬನೇ."

ನೀಲವ್ವ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಅದರ ಮೇಲೆ ತುಪ್ಪ ಸುರಿದರು. ರಾತ್ರಿ ಏರ್‌ಪೋರ್ಟಿಗೆ ಹೊರಡುವಾಗ, ಲೀಲುವಿನ ಅಂಗಾಲಿಗೆ ಮುತ್ತಿಟ್ಟು ಬಾಗಿಲಲ್ಲಿ ನಿಂತು ಸೊಸೆಗೆ ಹೇಳಿದ ಕೊನೆಯ ಮಾತು ನನ್ನ ಕುರಿತೇ ಆಗಿತ್ತು.

"ಕೇಳಿಲ್ಲಿ ವಿಜಯಾ. ಈ ರುದ್ರಪ್ಪ ಬರಿಗೈಲೆ ಬಂದ್ರ ಕುಂಡ್ರಿಸಿ ಹೋಳಿಗಿ ಕೊಡು. ಮಷಿನ್ ತಗೊಂಡು ಬಂದ್ರ ಬಾಗಿಲಾ ತಗೀಬ್ಯಾಡ."