ಕುರ್ಚಿಗೆ ಒಂದು ಮೊಳ

ಕನ್ನಡಿಯಲ್ಲಿ ನೀಲಿ ಕುರ್ಚಿ, ಕುರ್ಚಿಯ ಬೆನ್ನಿನ ಮೇಲೆ ಒಂದು ಹಕ್ಕಿ, ಕತ್ತು ಕೊಂಕಿಸಿ ನನ್ನನ್ನೇ ನೋಡುತ್ತಿದೆ, ಹಾರಿಹೋಯಿತು, ಜಾಣ ಹಕ್ಕಿ, ಲಾರಿಯಲ್ಲಿ ಕೂತವನು ಯಾರೆಂದು ಅದಕ್ಕೂ ಗೊತ್ತಾಯಿತು ಕಾಣುತ್ತದೆ, ಪಾಪ ಕುರ್ಚಿಗೆ ರೆಕ್ಕೆಯಿಲ್ಲ — ಕ್ಲಚ್ ಒತ್ತು, ಒತ್ತಿದ್ದೇನೆ, ರಿವರ್ಸ್ ಹಾಕು, ಹಾಕಿದ್ದೇನೆ, ಇವತ್ತು ಮೂರನೆಯ ಸಲ, ಕೊನೆಯ ಸಲ, ಲಾರಿಯ ಹಿಂಬದಿ ಆ ಕುರ್ಚಿಗೆ ಒಂದು ಮೊಳ ದೂರದಲ್ಲಿ ನಿಲ್ಲಬೇಕು, ತಾಗಿದರೂ ಫೇಲು, ದೂರ ಉಳಿದರೂ ಫೇಲು, ಫೇಲಾದರೆ ನಾಳೆಯಿಂದ ಭಾವಮೈದುನನ ಮೊಬೈಲ್ ಅಂಗಡಿಯ ಗಲ್ಲಾ, ಭಾವ ನೀವು ಸುಮ್ನೆ ಕೂತಿದ್ರೆ ಸಾಕು ಫ್ಯಾನ್ ಇದೆ ಅನ್ನುತ್ತಾನೆ, ಯಾವ ಮೊಬೈಲು ನನ್ನ ಫೋಟೊ ಸ್ಟುಡಿಯೋಗೆ ಬೀಗ ಹಾಕಿಸಿತೋ ಅದನ್ನೇ ಒರೆಸಿ ಒರೆಸಿ ಗಾಜಿನೊಳಗೆ ಜೋಡಿಸುವುದು, ಅಂಕಲ್ ಇದ್ರಲ್ಲಿ ಫೋಟೊ ಚೆನ್ನಾಗಿ ಬರುತ್ತಾ ಎಂದು ಯಾರಾದರೂ ಕೇಳಿದರೆ ಬರುತ್ತಪ್ಪಾ ಎಂದು ಹಲ್ಲು ಕಿರಿಯುವುದು.

ಬರ್ಲಿ, ಬರ್ಲಿ — ತರಬೇತಿಯ ಮೇಷ್ಟ್ರು ಪಾಠದ ದಿನಗಳಲ್ಲಿ ಕೂಗುತ್ತಿದ್ದದ್ದು ಅದೊಂದೇ, ಅವರಿಗೆ ಅದೇ ಹೆಸರೂ ಆಗಿಹೋಗಿದೆ, ಬರ್ಲಿಬರ್ಲಿ ಮೇಷ್ಟ್ರು, ಪರೀಕ್ಷೆಯ ದಿನ ಮಾತ್ರ ಬಾಯಿಗೆ ಬೀಗ, ಕೈಕಟ್ಟಿ ದೂರ ನಿಲ್ಲುತ್ತಾರೆ. ಅರ್ಧ ಆಯುಷ್ಯ ನಾನೂ ಅದೇ ಕೂಗಿದೆನಲ್ಲ, ಸ್ವಲ್ಪ ಹಿಂದೆ ಹೋಗಿ ಸಾರ್, ಇನ್ನೂ ಸ್ವಲ್ಪ, ಗದ್ದ ಎತ್ತಿ, ನಗಿ, ಈಗ ನಾನೇ ಹಿಂದೆ ಹಿಂದೆ ಹೋಗುವ ಸರದಿ, ನಗುವುದೊಂದು ಬಾಕಿ. ಡ್ರೈವರ್ ಕೆಲಸಕ್ಕೆ ಲಾರಿ ಕಂಪನಿ ಹುಡುಕಲು ಹೋದಾಗ ಮೊದಲನೆಯದು ಎಷ್ಟು ಝಗಮಗ, ಗಾಜಿನ ಬಾಗಿಲು, ಟೈ ಕಟ್ಟಿದ ಹುಡುಗಿ, ನಮ್ಮಲ್ಲಿ ಇವತ್ತಿನವರೆಗೂ ಒಂದೇ ಒಂದು ತಪ್ಪಾಗಿಲ್ಲ ಸಾರ್ ಅಂದಳು, ಮಚ್ಚೆ ಅಳಿಸಿ ಮೊಡವೆ ಅಳಿಸಿ ವರನ ಕಡೆಯವರಿಗೆ ಫೋಟೊ ಕೊಟ್ಟವನು ನಾನು, ಒಂದು ಕಲೆಯೂ ಇಲ್ಲದ ಮುಖ ಕಂಡರೆ ಯಾರಪ್ಪಾ ಅಳಿಸಿದವನು ಎನ್ನುವುದೇ ನನ್ನ ಮೊದಲ ಯೋಚನೆ, ಎದ್ದು ಬಂದೆ, ಎರಡನೆಯ ಕಂಪನಿಯ ಯಜಮಾನ ತರಬೇತಿ ಗಿರಬೇತಿ ಯಾಕೆ ಹತ್ತಿ ಕೂತ್ರೆ ತಾನೇ ಬರುತ್ತೆ ಸಂಜೆ ಲೋಡ್ ಇದೆ ಹೋಗ್ತೀರಾ ಅಂದ, ಆವತ್ತು ಮನೆಗೆ ನಾನು ಓಡಿದ ಓಟ ನನ್ನ ವಯಸ್ಸಿಗೆ ಹೇಳಿಸಿದ್ದಲ್ಲ, ಮೂರನೆಯದು ಇದು, ಗೇಟಿನ ಪಕ್ಕದಲ್ಲೇ ಮುರಿದ ನೀಲಿ ಕುರ್ಚಿಗಳ ಗುಡ್ಡೆ, ಕಾಲಿಲ್ಲದ್ದು, ಬೆನ್ನಿಲ್ಲದ್ದು, ಹಪ್ಪಳದ ಹಾಗೆ ಚಪ್ಪಟೆಯಾದದ್ದು, ಇದೇನಯ್ಯಾ ಎಂದು ಕಾವಲುಗಾರನನ್ನು ಕೇಳಿದರೆ ನಮ್ಮ ಡ್ರೈವರ್‌ಗಳು ಕಲ್ತಿದ್ದು ಸಾರ್, ಬಿಸಾಕೋಕೆ ಮೇಷ್ಟ್ರು ಬಿಡಲ್ಲ ಅಂದ, ಅಲ್ಲೇ ಮನಸ್ಸು ನಿಂತುಬಿಟ್ಟಿತು, ತಪ್ಪನ್ನು ಬಾಗಿಲಲ್ಲೇ ಇಟ್ಟುಕೊಂಡವರು ಎಂದು ಒಂಥರಾ ಪ್ರೀತಿಯೇ ಬಂತು. ಮನೆಗೆ ಬಂದು ಇವಳಿಗೆ, ನನ್ನ ಹೆಂಡತಿಗೆ, ಹೇಳಿದರೆ ತಲೆ ಚಚ್ಚಿಕೊಂಡಳು, ಮುರಿದ ಕುರ್ಚಿ ನೋಡಿ ಕಂಪನಿ ಆರಿಸ್ಕೊಂಡ್ರಾ, ಪುಣ್ಯ, ನನ್ನ ನೋಡೋಕೆ ಬಂದಾಗ ನಮ್ಮನೇಲಿ ಕುರ್ಚಿ ಎಲ್ಲಾ ಗಟ್ಟಿಯಾಗಿದ್ವು. ಆ ಗುಡ್ಡೆಯಲ್ಲಿ ಈಗ ನನ್ನದೂ ಒಂದಿದೆ, ಮೊದಲನೆಯ ಸಲದ್ದು. ಎರಡನೆಯ ಸಲ ಹೆದರಿ ಅಷ್ಟು ದೂರದಲ್ಲೇ ನಿಂತೆ, ಮೇಷ್ಟ್ರು ಲಾರಿಗೂ ಕುರ್ಚಿಗೂ ನಡುವೆ ಓಡಾಡಿ ತೋರಿಸಿದರು, ಇಲ್ಲಿ ಇನ್ನೊಂದು ಲಾರಿ ನಿಲ್ಲಿಸ್ಬೋದು ಸ್ವಾಮಿ, ಖಾಲಿ ಕುರ್ಚಿ ಅಂದ್ಕೋಬೇಡಿ, ಯಾರೋ ಕೂತಿದ್ದಾರೆ ಅಂದ್ಕೊಳ್ಳಿ. ಅಂದುಕೊಳ್ಳಲು ಬರುವುದಿಲ್ಲವಲ್ಲ ಮೇಷ್ಟ್ರೇ, ಖಾಲಿ ಕುರ್ಚಿಯನ್ನು ನಾನು ಯಾವತ್ತು ನೋಡಿದ್ದೇನೆ, ಕುರ್ಚಿಯಲ್ಲಿ ಜನ ಕೂತ ಮೇಲೆಯೇ ನನ್ನ ಕೆಲಸ ಶುರು.

ಬಿಡು ಕ್ಲಚ್ಚು, ಮೆಲ್ಲಗೆ, ಲಾರಿ ಹಿಂದಕ್ಕೆ ತೆವಳುತ್ತಿದೆ, ಕನ್ನಡಿಯಲ್ಲಿ ಕುರ್ಚಿ ಇದೆ, ಲಾರಿಯ ಮೂಲೆಯಿಂದ ಮುಕ್ಕಾಲು ಪಾಲು ಹೊರಗೆ, ನನಗೆ ಕಾಣಲಿ ಎಂದೇ ಹಾಗೆ ಇಡುತ್ತಾರೆ, ಕುರ್ಚಿ, ಕುರ್ಚಿಯಲ್ಲಿ — ಯಾರದು, ಕೈಯಲ್ಲಿ ಚೀಲ, ಚೀಲದಲ್ಲಿ ನಾನು ಮರೆತು ಬಂದ ಊಟದ ಡಬ್ಬಿ, ಅಯ್ಯೋ ಇವಳೇ, ಮಂಡಿನೋವಿನವಳು, ಇಡೀ ಅಂಗಳದಲ್ಲಿ ಇರುವುದೊಂದೇ ಕುರ್ಚಿ, ಕೂತೇಬಿಟ್ಟಿದ್ದಾಳೆ, ಬ್ರೇಕ್ ಬ್ರೇಕ್ ಬ್ರೇಕ್. ಮೇಷ್ಟ್ರು ಓಡಿಬಂದರು, ಅಮ್ಮಾ ಏಳಿ, ಅದು ಪರೀಕ್ಷೆ ಕುರ್ಚಿ, ಇವಳು ಲಾರಿಯನ್ನು ನೋಡಿದಳು, ಗೇಟಿನ ಕಡೆಯ ಗುಡ್ಡೆಯನ್ನು ನೋಡಿದಳು, ಎಲ್ಲವೂ ಗೊತ್ತಾಯಿತು, ಆದರೂ ಏಳಲಿಲ್ಲ. ಖಾಲಿ ಕುರ್ಚಿ ಇಟ್ಟು ಎರಡು ಸಲ ಆಯ್ತಲ್ಲ ಮೇಷ್ಟ್ರೇ, ಏನ್ ಬಂತು ಭಾಗ್ಯ, ನಾನಿರ್ತೀನಿ, ಬರ್ಲಿ. ಬರ್ಲಿ ಎಂದು ಬೇರೆಯವರು ಹೇಳಿದ್ದನ್ನು ಮೇಷ್ಟ್ರು ಇದೇ ಮೊದಲು ಕೇಳಿದ್ದಿರಬೇಕು, ಕುರ್ಚಿಯ ಹಿಂದೆ ಹೋಗಿ ಎರಡೂ ಕೈಯಲ್ಲಿ ಅದರ ಬೆನ್ನು ಹಿಡಿದು ನಿಂತರು, ಹೆಚ್ಚುಕಮ್ಮಿ ಆದ್ರೆ ಅಮ್ಮನ ಸಮೇತ ಎಳ್ಕೊಂಡ್‌ಬಿಡ್ತೀನಿ ಸ್ವಾಮಿ, ಬನ್ನಿ.

ನಾನು ಒಲ್ಲೆ ಅನ್ನಬೇಕು, ಇಳಿದು ಹೋಗಬೇಕು, ಗಲ್ಲಾ ಇದೆ, ಫ್ಯಾನ್ ಇದೆ — ಆದರೆ ಕನ್ನಡಿಯಲ್ಲಿ ಇವಳು ಸೆರಗು ಸರಿಮಾಡಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟು, ಗದ್ದ ಎತ್ತಿದಳು, ಫೋಟೊಗೆ ಕೂತವಳ ಹಾಗೆ, ಆಗ ನನ್ನ ಕಾಲು ಬ್ರೇಕಿನಿಂದ ಮೆಲ್ಲಗೆ ಎದ್ದಿತು, ಏಕೆಂದರೆ ಇದು ನನಗೆ ಗೊತ್ತಿರುವ ಅಳತೆ, ಮುಖ ನೋಡಿ ದೂರ ಹೇಳುವುದು, ಈಗ ಇವಳು ಗ್ರೂಪ್ ಫೋಟೊದಲ್ಲಿ ಬೆಂಚು ಹತ್ತಿ ನಿಂತವರ ಕೊನೆಯ ಸಾಲಿನಲ್ಲಿದ್ದಾಳೆ, ಮುಖ ಕಡಲೆಯಷ್ಟು, ಬರಲಿ, ಈಗ ನಡುವಿನ ಸಾಲು, ಚೀಲದ ಜಿಪ್ಪು ಕಾಣುತ್ತಿದೆ, ಬರಲಿ, ಇನ್ನೂ ಸ್ವಲ್ಪ, ಹಿರಿಯರು ಕುರ್ಚಿ ಹಾಕಿ ಕೂರುವ ಮುಂದಿನ ಸಾಲು, ಇಲ್ಲಿ ಕಣ್ಣು ಕಾಣಬೇಕು, ತೆರೆದಿದೆಯೋ ಮುಚ್ಚಿದೆಯೋ ಇಲ್ಲೇ ತಿಳಿಯಬೇಕು, ಇವಳದು ಮುಚ್ಚಿರುತ್ತದೆ, ನಾನು ತೆಗೆದ ಒಂದು ಫೋಟೊದಲ್ಲೂ ಇವಳು ಕಣ್ಣು ಬಿಟ್ಟಿಲ್ಲ, ಗುರುತಿನ ಚೀಟಿಯ ಫೋಟೊ ನೋಡಿ ಗುಮಾಸ್ತ ನಿದ್ದೆಯಲ್ಲಿ ತೆಗೆದಿದ್ದಾ ಎಂದು ಕೇಳಿದ್ದ, ಏನ್ ಮಾಡ್ಲಿ ರೀ, ಆ ಫ್ಲ್ಯಾಶ್ ಬೆಳಕು ಮೈಮೇಲೆ ನುಗ್ಗಿ ಬಂದ ಹಾಗಾಗುತ್ತೆ, ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ ಅನ್ನುತ್ತಾಳೆ ಇವಳು, ಈಗ ನುಗ್ಗುತ್ತಿರುವುದು ಬೆಳಕಲ್ಲ ಮಾರಾಯ್ತಿ, ಲಾರಿ, ಟನ್ನುಗಟ್ಟಲೆ ಕಬ್ಬಿಣ, ಓಡಿಸುತ್ತಿರುವವನು ನಿನ್ನ ಗಂಡ — ಸಾಕು, ಇಲ್ಲೇ, ಬ್ರೇಕು. ಮೇಷ್ಟ್ರು ಬಗ್ಗಿದರು, ಲಾರಿಗೂ ಕುರ್ಚಿಗೂ ನಡುವೆ ಮೊಣಕೈ ಇಟ್ಟರು, ಬೆರಳ ತುದಿಯವರೆಗೆ ಸರಿಯಾಗಿ ಒಂದು ಮೊಳ, ಪಾಸ್ ಸ್ವಾಮಿ ಪಾಸ್, ಇಳೀರಿ, ಊಟ ಆರಿಹೋಗುತ್ತೆ, ಇಳಿಯಬೇಕು, ಎಂಜಿನ್ ಆರಿಸಬೇಕು, ಇಳಿಯುತ್ತೇನೆ, ಒಂದು ನಿಮಿಷ, ಅಲುಗಾಡಬೇಡ, ಹಾಗೇ ಇರು, ಕನ್ನಡಿಯಲ್ಲಿ ನೀಲಿ ಕುರ್ಚಿ, ಕುರ್ಚಿಯಲ್ಲಿ ಇವಳು, ಕಣ್ಣು ಬಿಟ್ಟುಕೊಂಡು, ಎರಡೂ ಕಣ್ಣು ಬಿಟ್ಟುಕೊಂಡು —