ಅವಧಿ ಮೀರಿದ ರೋಲು

"ಮೆಲ್ಲಗ್ರೋ, ತಲೆ ಬಾಗಿಲಿಗೆ ಬಡಿಯುತ್ತೆ!"

ಯಜಮಾನರ ಹೆಣವಿದ್ದ ಪೆಟ್ಟಿಗೆಯನ್ನು ನಾಲ್ವರು ಓರೆ ಮಾಡಿ ಫೋಟೊ ಸ್ಟುಡಿಯೋ ಬಾಗಿಲಲ್ಲಿ ಒಳಗೆ ತೂರಿಸುತ್ತಿದ್ದರು. ಕೂಗಿದವನು ಗೂಬೆ. ಹದಿನಾಲ್ಕು ವರ್ಷ ಡಾರ್ಕ್‌ರೂಮಿನಲ್ಲಿ ಫಿಲ್ಮು ತೊಳೆದವನಿಗೆ ಯಜಮಾನರೇ ಇಟ್ಟ ಹೆಸರು ಅದು. ಕಾಲಿನ ಕಡೆ ಹಿಡಿದವರು ಮೇಷ್ಟ್ರು. ಫೋಟೊ ಕಲಿಯಲು ಬಂದು ಮೂರು ತಿಂಗಳಾಗಿರಲಿಲ್ಲ, ಅಳು ಮಾತ್ರ ಎಲ್ಲರಿಗಿಂತ ಜೋರು.

"ಊರಿಗೆಲ್ಲ ಫೋಟೊ ತೆಗೆದ್ರು, ಅವರದೇ ಒಂದು ಇಲ್ವಲ್ಲಮ್ಮ!" ಎಂದ ಪಕ್ಕದಂಗಡಿಯ ಟೈಲರ್.

"ಎಲ್ಲಿಂದ ಬರ್ಬೇಕು? ನಮ್ಮ ಮದುವೆ ಫೋಟೊದಲ್ಲೂ ಲೈಟ್ ಸರಿ ಮಾಡೋಕೆ ಹೋಗಿ ಬರೀ ಮೊಣಕೈ ಬಿದ್ದಿದೆ," ಎಂದರು ಯಜಮಾನರ ಹೆಂಡತಿ.

ಮೇಷ್ಟ್ರು ಮೂಗು ಒರೆಸಿಕೊಂಡರು. "ಒಂದಿದೆ ಅಮ್ಮ. ಹೋದ ಭಾನುವಾರ ನಾನೇ ತೆಗ್ದೆ. ರೋಲು ಕ್ಯಾಮೆರಾದಲ್ಲೇ ಇದೆ."

ಅಮ್ಮ ಎದ್ದು ಗೂಬೆಯ ಕಡೆ ತಿರುಗಿದರು. "ಈಗ್ಲೇ ತೊಳೆದು ಕೊಡೋ ಮಗಾ. ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ನೋಡ್ತೀನಿ."

"ನಾನೂ ಬರ್ಲಾ?" ಎಂದರು ಮೇಷ್ಟ್ರು.

"ಒಳಗೆ ಬೋರ್ಡು, ಚಾಕ್‌ಪೀಸು ಇಲ್ಲ ಮೇಷ್ಟ್ರೆ. ಕೂತ್ಕೊಳ್ಳಿ," ಎಂದ ಗೂಬೆ.

* * *

ಹೋದ ಭಾನುವಾರ ಯಜಮಾನರು ಕೈಗೆತ್ತಿಕೊಂಡಿದ್ದು ಯಾವುದೋ ಮುಚ್ಚಿದ ಅಂಗಡಿಯಿಂದ ಬಂದ ಕಪ್ಪು-ಬಿಳುಪು ರೋಲುಗಳನ್ನು. ಅವಧಿ ಮುಗಿದು ಇಪ್ಪತ್ತು ವರ್ಷ. ಗೂಬೆ ಕಸಕ್ಕೆಂದು ತೆಗೆದಿಟ್ಟಿದ್ದ.

"ಸತ್ತಿಲ್ಲ ಇವು. ಕಣ್ಣು ಮಂಜಾಗಿದೆ ಅಷ್ಟೆ. ಬೆಳಕು ಜಾಸ್ತಿ ಕೊಟ್ರೆ ಕಾಣುತ್ತೆ," ಎಂದರು ಯಜಮಾನರು. ಹೇಳಿದ್ದು ಗೂಬೆಗಲ್ಲ, ಮೇಷ್ಟ್ರಿಗೆ. ಹೇಳಿ, ಕ್ಯಾಮೆರಾವನ್ನೇ ಅವರ ಕೈಗಿಟ್ಟು ತಾವು ಸ್ಟೂಲಿನ ಮೇಲೆ ಕೂತರು.

ಗೂಬೆಯೂ ಹಿಂದೊಮ್ಮೆ ಕ್ಯಾಮೆರಾ ಕೇಳಿದ್ದ. "ನಿನ್ನ ಕೈ ಕತ್ತಲೆಗೇ ಲಾಯಕ್ಕು ಕಣೋ," ಎಂದು ನಕ್ಕಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕತ್ತಲೆ, ಡಿಗ್ರಿ ಇದ್ದವರಿಗೆ ಕ್ಯಾಮೆರಾ.

ಆ ಭಾನುವಾರ ಅವನು ಲೈಟು ಹಿಡಿದು ನಿಂತಿದ್ದ. ಯಜಮಾನರು ಮೇಷ್ಟ್ರ ಕಡೆ ನೋಡಿ ನಕ್ಕರು. ಅಂಥ ನಗು ಅವನ ಪಾಲಿಗೆ ಒಂದು ದಿನವೂ ಬಂದಿರಲಿಲ್ಲ.

* * *

ಕತ್ತಲಲ್ಲಿ ಫಿಲ್ಮು ಸುತ್ತಿ, ಡಬ್ಬಿ ಮುಚ್ಚಿ, ಗೂಬೆ ದೀಪ ಹಾಕಿದ. ಎಡಕ್ಕೆ ಡೆವಲಪರ್, ಬಲಕ್ಕೆ ಫಿಕ್ಸರ್. ಎಡದ್ದು ಚಿತ್ರ ಮೂಡಿಸುತ್ತದೆ, ಬಲದ್ದು ಅದನ್ನು ಉಳಿಸುತ್ತದೆ. ಬಲದ್ದೇ ಮೊದಲು ಬಿದ್ದರೆ ಮೂಡಬೇಕಾದ್ದೆಲ್ಲ ಕರಗಿಹೋಗುತ್ತದೆ. ಕಣ್ಣು ಮುಚ್ಚಿಕೊಂಡೇ ಮಾಡಬಲ್ಲ ಕೆಲಸ.

ಗೋಡೆಯಾಚೆ ಟೈಲರ್ ಹೇಳುತ್ತಿದ್ದ: "ಕೊನೆಗೂ ತಕ್ಕ ಶಿಷ್ಯ ಸಿಕ್ಕಿದ್ರಪ್ಪ. ಫೋಟೊ ಕೆಳಗೆ ಮೇಷ್ಟ್ರ ಹೆಸರೂ ಹಾಕ್ಸಿ."

ಗೂಬೆ ಕಣ್ಣು ಬಿಟ್ಟುಕೊಂಡೇ ಬಲದ ಸೀಸೆ ಎತ್ತಿ ಸುರಿದ.

* * *

ಒದ್ದೆ ಫಿಲ್ಮನ್ನು ಮೇಷ್ಟ್ರು ಕಿಟಕಿಗೆ ಹಿಡಿದರು. ಹಳೆಯ ಫಿಲ್ಮು ಕೆಟ್ಟರೆ ಬೂದಿ ಬಳಿದಂತೆ ಮಂಕಾಗುತ್ತದೆ. ಇದು ತೊಳೆದ ಗಾಜಿನಂತಿತ್ತು, ಡೆವಲಪರ್ ತಾಗಿದರೆ ಅಂಚಿನಲ್ಲಿ ಮೂಡಲೇಬೇಕಾದ ಕಂಪನಿಯ ಅಂಕಿಗಳೂ ಇರಲಿಲ್ಲ. ಹಾಗಾಗಲು ಒಂದೇ ದಾರಿ. ಅದು ಮೇಷ್ಟ್ರಿಗೂ ಗೊತ್ತಿತ್ತು. ಅವರು ಗೂಬೆಯತ್ತ ತಿರುಗಿದರು. ಬೈಯಲಿ, ಕಾಲರ್ ಹಿಡಿಯಲಿ ಎಂದು ಗೂಬೆ ಕಾದ.

"ಏನೂ ಬಂದಿಲ್ಲ ಅಮ್ಮ," ಎಂದರು ಮೇಷ್ಟ್ರು. "ನಾನೇ ಬೆಳಕು ಕಮ್ಮಿ ಕೊಟ್ಟೆ. ತಪ್ಪು ನಂದೇ."

ಆ ತಪ್ಪನ್ನೂ ಅವರೇ ತೆಗೆದುಕೊಂಡರು.

ಅಮ್ಮ ಗೂಬೆಯ ಒದ್ದೆ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು.

"ಇದೇ ವಾಸನೆ ಕಣೋ. ಊಟಕ್ಕೆ ಕೂತ್ರೂ ಅವರ ಕೈಯಿಂದ ಹೋಗ್ತಿರ್ಲಿಲ್ಲ."

ಆ ಕೈಯನ್ನು ಅವರು ಗಲ್ಲಕ್ಕೊತ್ತಿಕೊಂಡು ಕಣ್ಣು ಮುಚ್ಚಿದರು. ಫಿಕ್ಸರಿನ ಹುಳಿ ನೀರು ಬೆರಳುಗಳ ಸಂದಿಯಿಂದ ಅವರ ಗದ್ದಕ್ಕೆ ಇಳಿಯಿತು. ಅವರು ಒರೆಸಿಕೊಳ್ಳಲಿಲ್ಲ.