ಬೆಲ್ಟಿನ ಸ್ಯಾಂಡಲ್

ವ್ಯಾನಿನ ರಬ್ಬರ್ ಮ್ಯಾಟನ್ನು ಒಗೆಯುವ ಕಲ್ಲಿನ ಮೇಲೆ ಹಾಸಿ ಸಾವಂತ್ರಮ್ಮ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಶಾಲೆ ಮಕ್ಕಳು ಚೆಲ್ಲಿದ ಚಿತ್ರಾನ್ನ, ಚಾಕಲೇಟಿನ ಅಂಟು, ಮಣ್ಣು ಎಲ್ಲವೂ ಬಿಟ್ಟವು. ಡ್ರೈವರ್ ಸೀಟಿನ ಮುಂದಿನ ಒಂದು ಕಂದು ಕಲೆ ಮಾತ್ರ ಹೋಗಲೊಲ್ಲದು. ನೀರು ಬಿದ್ದಾಗ ಅದು ಕೆಂಪಾಗಿ ಹರಿಯಿತು.

ಎದ್ದು ಬಂದವಳೇ, ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದ ಗಂಡ ಕಲ್ಲೇಶಪ್ಪನ ಬಲಗಾಲನ್ನು ಎತ್ತಿ ನೋಡಿದಳು. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು.

“ರೀ, ಇದು ನೋಯ್ತಿಲ್ವೇನ್ರೀ?”

“ಯಾವ್ದು?” ಅವನು ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದ.

ಪಿನ್ನು ಹಾಕಿ ಮುಳ್ಳು ಕೀಳುವಾಗಲೂ ಅವನ ಲೋಟ ಅಲುಗಲಿಲ್ಲ. ರಕ್ತ ಕಂಡಾಗ ಆಗದ ಹೆದರಿಕೆ ಆಗ ಅವಳಿಗಾಯಿತು.

ಸವಳಂಗದಿಂದ ನ್ಯಾಮತಿಯ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಅವನದು. ಹತ್ತುವ ಮುಂಚೆ ಚಪ್ಪಲಿ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲೇ ಓಡಿಸುತ್ತಿದ್ದ. ಅನ್ನ ಕೊಡುವ ಗಾಡಿಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದು ಎಂಬುದು ಅವನ ನೇಮ. ಸಕ್ಕರೆ ಕಾಯಿಲೆ ಆ ಪಾದಗಳನ್ನು ಒಳಗೊಳಗೇ ತಿಂದು ಹಾಕಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಹೊನ್ನಾಳಿಯ ಡಾಕ್ಟರು ಪಾದಕ್ಕೆ ಕಡ್ಡಿ ಚುಚ್ಚಿ ನೋಡಿ ಹೇಳಿದರು: “ಸ್ಪರ್ಶನೇ ಇಲ್ಲ ಯಜಮಾನ್ರೆ. ಇನ್ಮೇಲೆ ಬರಿಗಾಲಲ್ಲಿ ಇರಬ್ಯಾಡ್ರಿ. ಗಾಡಿನಂತೂ ಓಡಿಸ್ಲೇಬ್ಯಾಡ್ರಿ. ಲೈಸೆನ್ಸ್ ಜೇಬಲ್ಲಿದ್ರೂ ಅಷ್ಟೆ.”

ಕಲ್ಲೇಶಪ್ಪ ಬರಿಗಾಲಿನ ಮಾತನ್ನಷ್ಟೇ ಕೇಳಿಸಿಕೊಂಡ. ವ್ಯಾನಿಗೆ ಕೈ ಮುಗಿದು, ತಪ್ಪಾಯ್ತು ಎಂದು ಹೇಳಿ, ಹವಾಯಿ ಚಪ್ಪಲಿ ಮೆಟ್ಟಿಕೊಂಡೇ ಹತ್ತತೊಡಗಿದ.

ಸಾವಂತ್ರಮ್ಮ ಶಾಲೆಯ ಹೆಡ್‌ಮೇಡಂಗೆ ಫೋನು ಮಾಡಿದಳು. ಅರ್ಧ ಹೇಳುವಷ್ಟರಲ್ಲಿ ಅವನು ಫೋನು ಕಸಿದುಕೊಂಡು, “ಇವ್ಳಿಗೆ ಬರೀ ಭಯ ಮೇಡಂ, ಹಲ್ಲಿ ಲೊಚಗುಟ್ಟಿದ್ರೂ ಎದ್ದು ಕೂರ್ತಾಳೆ” ಎಂದು ನಕ್ಕುಬಿಟ್ಟ. ಆ ಕಡೆಯವರೂ ನಕ್ಕರು. ಅಂದು ಸಂಜೆ ಅವಳು ಕಾಗದ ಬರೆಯಲು ಕೂತಳು. ‘ನನ್ನ ಯಜಮಾನರ ಕಾಲಿಗೆ’ ಎಂದು ಬರೆದಾಗ ಮುಂದಕ್ಕೆ ಪೆನ್ನು ಹೋಗಲಿಲ್ಲ. ಗಂಡನ ಮೇಲೆ ಚಾಡಿ ಬರೆದಂತಾಯಿತಲ್ಲ ಎನ್ನಿಸಿತು. ಯುಗಾದಿ ಹೋಯಿತು, ದಸರೆ ಹೋಯಿತು, ಕಾಗದ ಹೊಲಿಗೆ ಮಿಷನ್ನಿನ ಡ್ರಾದಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ವ್ಯಾನು ಹೊರಟ ಮೇಲೆ, ಅದು ತಿರುಗಿ ಬರುವತನಕ ಅವಳು ತಿಂಡಿಗೆ ಕೂರುತ್ತಿರಲಿಲ್ಲ.

ಒಂದು ದಿನ ಶಾಲೆಯ ಗೇಟಿನ ಇಳಿಜಾರಿನಲ್ಲಿ ಚಪ್ಪಲಿ ಕಳಚಿ ಬ್ರೇಕಿನ ಅಡಿಗೆ ಸಿಕ್ಕಿಕೊಂಡಿತು. ಅದು ಅವನಿಗೆ ತಿಳಿಯಲೇ ಇಲ್ಲ. ವ್ಯಾನು ಹೋಗಿ ಮರಳಿನ ಗುಡ್ಡೆಗೆ ನುಗ್ಗಿ ನಿಂತಿತು. ಮಕ್ಕಳು “ಇನ್ನೊಂದ್ಸಲ ಮಾವ, ಇನ್ನೊಂದ್ಸಲ!” ಎಂದು ಚಪ್ಪಾಳೆ ತಟ್ಟಿದವು. ಗುಡ್ಡೆಯ ಆಚೆ ಬಾವಿಯಿತ್ತು.

“ಎಲ್ಲಾ ಆ ಹಾಳು ಚಪ್ಪಲಿದು ಕಣೆ” ಎಂದು ಮನೆಗೆ ಬಂದು ಹೆಂಡತಿಗೆ ಹೇಳಿ, ಅವನು ನೆಟ್ಟಗೆ ಜಮಾಲನ ಚಪ್ಪಲಿ ಅಂಗಡಿಗೆ ಹೋದ. ಸಾವಂತ್ರಮ್ಮನೂ ಹಿಂದೆಯೇ ಹೋದಳು.

“ಬಾ ಕಲ್ಲೇಶಣ್ಣ, ವರ್ಷದಾಗೆ ಇದು ಎಷ್ಟನೇ ಜೊತೆನೋ! ನೀನು ಚಪ್ಪಲಿ ತಗಳ್ಳೋದು ಮೆಟ್ಟಾಕೋ ಕಳ್ಕಳ್ಳಾಕೋ?” ಎಂದ ಜಮಾಲ.

“ಕಾಲು ಬಿಟ್ಟು ಹೋಗದಂಥದ್ದು ಕೊಡಪ್ಪ.”

“ಹಂಗಂದ್ರೆ ಹೆಂಡ್ತಿ ಒಬ್ಳೇ” ಎನ್ನುತ್ತ ಜಮಾಲ ಹಿಂದೆ ಬೆಲ್ಟಿರುವ ಸ್ಯಾಂಡಲ್ ತೆಗೆದು ಬಿಗಿದು ಕೊಟ್ಟ. ಕಲ್ಲೇಶಪ್ಪ ಕಾಲು ಕುಟ್ಟಿ ಕುಟ್ಟಿ ನೋಡಿ ಗೆದ್ದವನಂತೆ ನಕ್ಕ.

ಮನೆಗೆ ಬಂದದ್ದೇ ಸಾವಂತ್ರಮ್ಮ, ನಿಂತ ವ್ಯಾನಿನಲ್ಲಿ ಅವನನ್ನು ಕೂರಿಸಿ ಪಕ್ಕದಲ್ಲಿ ತಾನೂ ಕೂತಳು.

“ಕಣ್ಣು ಮುಚ್ಕಳ್ರಿ.”

“ಈ ವಯಸ್ನಾಗೆ ಕಣ್ಣಾಮುಚ್ಚಾಲೆ ಏನೇ?”

“ಮುಚ್ರಿ. ಹೂಂ, ಈಗ ಬ್ರೇಕ್ ಒತ್ರಿ.”

ಅವನು ಬಲವಾಗಿ ಒತ್ತಿದ. “ನೋಡು, ಪೂರ್ತಿ ಒತ್ತಿದೀನಿ. ಈಗ ಸಮಾಧಾನನಾ?”

“ಕಣ್ಣು ಬಿಟ್ಟು ನೋಡ್ರಿ.”

ಹೊಸ ಸ್ಯಾಂಡಲ್ಲು ಗಟ್ಟಿಯಾಗಿ ಕಾಲಲ್ಲೇ ಇತ್ತು. ಕಾಲು ಮಾತ್ರ ಆಕ್ಸಿಲರೇಟರ್ ಮೇಲಿತ್ತು.

ಅವನು ಬಗ್ಗಿ ನೋಡುತ್ತ ಕಾಲನ್ನು ಬ್ರೇಕಿನ ಮೇಲಕ್ಕೆ ಸರಿಸಿದ. ಆಮೇಲೆ, “ಓಡ್ಸೋವಾಗ ಕಣ್ಣು ಬಿಟ್ಕಂಡೇ ಇರ್ತೀನಲ್ಲ” ಎಂದ.

“ಕಣ್ಣು ರಸ್ತೆ ಮೇಲಿರ್ತಾವೆ ಕಣ್ರೀ. ಕಾಲಿನ ಮೇಲಿರಲ್ಲ.”

“ಮಕ್ಳ ಪರೀಕ್ಷೆ ಮುಗಿಯೋತನಕ ಬಿಡೇ, ನಿನ್ ಕಾಲಿಗೆ ಬೀಳ್ತೀನಿ.” ಅವನ ದನಿ ಒಡೆಯಿತು. “ಅಷ್ಟು ಮಕ್ಳು ಬಾಯ್ತುಂಬ ಮಾವ ಅಂತಾವೆ. ವ್ಯಾನ್ ಬಿಟ್ರೆ ನನ್ನ ಯಾರು ಏನಂತ ಕರೀತಾರೆ ಹೇಳು.”

ಅವಳು ವ್ಯಾನಿನಿಂದ ಇಳಿದು ಒಳಗೆ ಹೋದಳು.

ಮರುದಿನ ನಸುಕಿನಲ್ಲೇ ಮುಸುರೆ ತೊಳೆದು ಕೈ ಒರೆಸಿಕೊಂಡು, ಡ್ರಾದಲ್ಲಿದ್ದ ಆ ಕಾಗದ ತೆಗೆದು, ಒಲೆಯ ಪಕ್ಕದಲ್ಲೇ ಕೂತು ಉಳಿದದ್ದನ್ನು ಬರೆದಳು. ಕಾಲಿಗೆ ಸ್ಪರ್ಶವಿಲ್ಲ. ಈ ದಿನದಿಂದ ಅವರು ವ್ಯಾನ್ ಓಡಿಸುವುದಿಲ್ಲ. ಮಕ್ಕಳಿಗೆ ಬೇರೆ ಗಾಡಿ ಮಾಡಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸಹಿ ಹಾಕಿ, ವ್ಯಾನಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ರಸ್ತೆಗೆ ಬಂದು ನ್ಯಾಮತಿ ಬಸ್ಸಿಗೆ ಕೈಯಡ್ಡ ಹಿಡಿದಳು.

ಅವಳು ಚಾಚಿದ ಕಾಗದ ನೋಡಿ ಕಂಡಕ್ಟರ್ ರಂಗಣ್ಣ ಬಾಗಿಲಲ್ಲಿ ಬಗ್ಗಿದ. “ಏನ್ ಸಾವಂತ್ರಕ್ಕ, ವಾಟ್ಸಾಪ್ ಕಾಲದಾಗೆ ಕಾಗದನಾ?”

“ಫೋನಾದ್ರೆ ನಮ್ಮನೆಯವ್ರು ಕಸ್ಕಂತಾರೆ. ಹೆಡ್‌ಮೇಡಂ ಕೈಗೇ ಕೊಡಪ್ಪ, ಮಕ್ಳು ರಸ್ತೆಗೆ ಬರೋದ್ರೊಳಗೆ.”

ಹಿಂದಿನಿಂದ ಕಲ್ಲೇಶಪ್ಪನ ಕೂಗು ಕೇಳಿತು. “ಸಾವಂತ್ರೀ, ಬ್ಯಾಡ ಕಣೆ! ಕೊಡಬ್ಯಾಡ!”

ಅವಳು ತಿರುಗಲಿಲ್ಲ. ತಿರುಗಿದರೆ ಕೊಡಲಾಗದು ಎಂದು ಅವಳಿಗೆ ಗೊತ್ತಿತ್ತು. ರಂಗಣ್ಣ ಕಾಗದ ಎಳೆದ, ಅವಳ ಬೆರಳು ಸಡಿಲವಾಗಲಿಲ್ಲ.

“ಬಿಡಕ್ಕ, ಹರಿದೋಗ್ತೈತೆ.”

ಬಿಟ್ಟಳು. ರಂಗಣ್ಣ ಸೀಟಿ ಊದಿದ. ಬಸ್ಸು ನ್ಯಾಮತಿಯ ಕಡೆ ಹೊರಟಿತು.